ಹಾರಿದ ಬೆರಳು

ಅಮ್ಮಿನಬಾವಿಯ ನೀಲಕಂಠಪ್ಪನ ಬಲಗೈ ತೋರುಬೆರಳು ಹನ್ನೊಂದು ವರ್ಷಗಳ ಹಿಂದೆ ಒಮ್ಮೆ ತಾನಾಗಿಯೇ ಹಾರಿತ್ತು. ಹಾಗೆಂದು ಹೇಳುವವನು ಇಡೀ ಧಾರವಾಡ ಜಿಲ್ಲೆಯಲ್ಲಿ ಒಬ್ಬನೇ ಇದ್ದ, ಅವನು ಸ್ವತಃ ನೀಲಕಂಠಪ್ಪ. ಹುಬ್ಬಳ್ಳಿಯ ದನದ ಸಂತೆಗೆ ಬರುವ ಉಳಿದ ಮಂದಿಯೆಲ್ಲ ಆ ಬೆರಳು ಹಾರಲಿಲ್ಲ, ಒತ್ತಿತು, ಒತ್ತಿದ ಮೇಲೆ ಅದರ ಧಣಿ ಮಾತು ತಿರುಗಿಸಿದ ಎಂದೇ ನಂಬಿದ್ದರು. ಎತ್ತು ಎಮ್ಮೆಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಇದು ತಿಳಿಯಬೇಕಾದರೆ ಟವಲಿನ ಸಂಗತಿ ಸ್ವಲ್ಪ ಹೇಳಬೇಕು. ದನದ ಸಂತೆಯಲ್ಲಿ ದಲಾಲರು ಬಾಯಿಂದ ದರ ಹೇಳುವುದಿಲ್ಲ. ಇಬ್ಬರು ಎದುರುಬದುರು ನಿಂತು ಕೈ ಕೈ ಹಿಡಿದು ಮೇಲೊಂದು ಟವಲು ಹೊದಿಸುತ್ತಾರೆ. ಒಳಗೆ ಬೆರಳುಗಳು ಜಗಳಾಡುತ್ತವೆ, ಹೊರಗೆ ಮುಖಗಳು ಮಳೆಯ ಬಗ್ಗೆ ಮಾತಾಡುತ್ತವೆ. ಇಷ್ಟು ಬೆರಳು ಹಿಡಿದರೆ ಇಷ್ಟು, ಗೆಣ್ಣು ಹಿಸುಕಿದರೆ ಅದರ ಅರ್ಧ, ಹೀಗೆ ಎಳೆದಾಡಿ ಎಳೆದಾಡಿ ಕೊನೆಗೆ ಮಾರುವವನು ತೋರುಬೆರಳಿನಿಂದ ಕೊಳ್ಳುವವನ ಅಂಗೈ ಒತ್ತಿದನೆಂದರೆ ಒಪ್ಪಿದಂತೆ. ಕೊಳ್ಳುವವನು ಆ ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದನೆಂದರೆ ವ್ಯವಹಾರ ಮುಗಿದಂತೆ. ಕಾಯಿದೆ ಎರಡೇ ಎರಡು. ಒತ್ತಿದ ಮೇಲೆ ಒತ್ತಿಲ್ಲ ಅನ್ನುವಂತಿಲ್ಲ. ಟವಲಿನೊಳಗೆ ಆಡಿದ್ದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ, ಕಟ್ಟಿಕೊಂಡ ಹೆಂಡತಿಗೂ ಸಹ. ಕೋರ್ಟಿನಲ್ಲಿ ದೇವರ ಆಣೆ ಮಾಡಿ ನಗುನಗುತ್ತ ಸುಳ್ಳು ಹೇಳುವ ಗಟ್ಟಿಗರು ಕೂಡ ಈ ಎರಡು ಕಾಯಿದೆಗಳ ತಂಟೆಗೆ ಹೋಗುತ್ತಿರಲಿಲ್ಲ.

ತೊಂಬತ್ಮೂರರ ಒಂದು ಸಂತೆಯ ದಿನ ಬೈರಿದೇವರಕೊಪ್ಪದ ದಲಾಲ ಬೀರಲಿಂಗ ತನ್ನ ಬೀಗರನ್ನು ಕರೆದುಕೊಂಡು ಬಂದಿದ್ದ. ಮಗಳನ್ನು ಕೊಟ್ಟ ಮನೆಯವರಿಗೆ ಒಂದು ಕಿಲಾರಿ ಎತ್ತಿನ ಜೋಡಿ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ. ಬೀಗರು ಹೊಸ ಹಗ್ಗ, ಕುಂಕುಮ, ಒಂದು ತೆಂಗಿನಕಾಯಿ ಎಲ್ಲ ತಂದು ಪಕ್ಕದಲ್ಲಿ ನಿಂತಿದ್ದರು. ಜೋಡಿ ನೀಲಕಂಠಪ್ಪನದು. ಟವಲಿನೊಳಗೆ ಕಾಲು ತಾಸು ಕುಸ್ತಿಯಾದ ಮೇಲೆ ನೀಲಕಂಠಪ್ಪನ ಬೆರಳು ಬೀರಲಿಂಗನ ಅಂಗೈಯಲ್ಲಿ ಒತ್ತಿತು, ಬೀರಲಿಂಗ ಮುಷ್ಟಿ ಹಿಡಿದ. ಆ ಹೊತ್ತಿಗೆ ಸರಿಯಾಗಿ ನವಲಗುಂದದ ಕಡೆಯ ಸಾಹುಕಾರನೊಬ್ಬ ಜೀಪಿನಿಂದ ಇಳಿದು, ಸಂತೆಯ ರೀತಿ ರಿವಾಜು ಒಂದೂ ಗೊತ್ತಿಲ್ಲದ ಮನುಷ್ಯ, ಎಲ್ಲರ ಎದುರು ದೊಡ್ಡ ದನಿಯಲ್ಲಿ ಅದಕ್ಕಿಂತ ಭಾರಿ ದರ ಕೂಗಿದ.

ನೀಲಕಂಠಪ್ಪನ ಮುಖ ಬದಲಾಯಿತು. ಬೆರಳನ್ನು ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದು ಬಿಡಿಸಿಕೊಂಡು, "ನಾ ಒತ್ತಿಲ್ಲಪಾ, ನರ ಹಿಡದಿತ್ತು, ಬೆರಳ ತಾನ ಹಾರಿತು" ಎಂದುಬಿಟ್ಟ.

ಸಂತೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೀರಲಿಂಗ ಮಾತ್ರ ನಗಲೂ ಇಲ್ಲ, ಬಯ್ಯಲೂ ಇಲ್ಲ. ಟವಲನ್ನು ಒಮ್ಮೆ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಖಾಲಿ ಹಗ್ಗ ಹಿಡಿದ ಬೀಗರ ಹಿಂದೆ ತಲೆ ತಗ್ಗಿಸಿ ನಡೆದ. ಅಂದಿನಿಂದ ಅವನು ನೀಲಕಂಠಪ್ಪನ ಜೊತೆ ಮಾತಾಡಿರಲಿಲ್ಲ, ಅವನ ಟವಲಿಗೆ ಕೈ ಹಾಕಿರಲಿಲ್ಲ.

ಮರುವಾರದ ಹೊತ್ತಿಗೆ ಸಂತೆಯ ಚಹಾದಂಗಡಿಯ ಮುರುಗೆಪ್ಪ ಹೆಸರಿಟ್ಟಾಗಿತ್ತು: ಹಾರೂಬೆರಳ ನೀಲಕಂಠಪ್ಪ. ಆ ಹೆಸರು ಅಮ್ಮಿನಬಾವಿಯವರೆಗೂ ಬಸ್ಸು ಹತ್ತಿ ಬಂತು. ಮಗಳ ಮದುವೆ ಮಾತುಕತೆಯಲ್ಲಿ ವರನ ಸೋದರಮಾವ ತಾಂಬೂಲ ತೆಗೆದುಕೊಳ್ಳುವಾಗ, "ಮತ್ತ ಬೆರಳ ಹಾರಂಗಿಲ್ಲಲ್ರೀ ಬೀಗರ?" ಎಂದು ಕೇಳಿದ. ಹೆಂಡತಿ ಶಿವಬಸವ್ವನಂತೂ ನೀಲಕಂಠಪ್ಪನ ಕೈಯಿಂದ ಚಹಾದ ಬಸಿ ಜಾರಿದರೂ ಸಾಕು, "ಹಾರಿತ್ರ್ಯಾ?" ಎನ್ನುತ್ತಿದ್ದಳು. ದಲಾಲನಿಗೆ ಬೆರಳೇ ಬಂಡವಾಳ. ಅದು ಸುಳ್ಳು ಅನ್ನಿಸಿಕೊಂಡ ಮೇಲೆ ಅವನ ಟವಲಿಗೆ ಕೈ ಹಾಕುವವರು ಹೊಸಬರು, ಹುಂಬರು, ಇಲ್ಲವೇ ಅವನಿಗಿಂತ ಕಳ್ಳರು. ಅರವತ್ನಾಲ್ಕಾದ ನೀಲಕಂಠಪ್ಪನಿಗೆ ಉಳಿದಿದ್ದ ಆಸೆ ಒಂದೇ. ಟವಲು ಕೆಳಗಿಡುವ ಮೊದಲು ಈ ಹೆಸರು ತೊಳೆದು ಹೋಗಬೇಕು.

ಎರಡು ಸಾವಿರದ ನಾಲ್ಕರಲ್ಲಿ, ಸುಗ್ಗಿಯ ಕಾಲದ ಒಂದು ಸಂತೆಗೆ ಡಾಕ್ಟರ್ ವಿದ್ಯಾ ಬಂದಳು. ಕೇಶ್ವಾಪುರದ ಹೆಣ್ಣುಮಗಳು, ಧಾರವಾಡದ ಆಸ್ಪತ್ರೆಯೊಂದರಲ್ಲಿ ಮಿದುಳಿನ ಸಂಶೋಧನೆ ಮಾಡುವವಳು. ಹೊಸ ಚಪ್ಪಲಿ ಹಾಕಿಕೊಂಡು ಸಗಣಿಯ ನಡುವೆ ನಿಂತಿದ್ದಳು. ಅಷ್ಟು ಕಲಿತವಳಿಗೆ ಸಂತೆಗೆ ಎಂಥ ಚಪ್ಪಲಿ ಹಾಕಬೇಕೆಂದು ಯಾರೂ ಕಲಿಸಿರಲಿಲ್ಲ. ಮುರುಗೆಪ್ಪನ ಅಂಗಡಿಯ ಮುಂದೆ ಕೂತವರನ್ನು ಅವಳು ಕೇಳಿದಳು: "ಮನಸಿನ್ಯಾಗ ಒತ್ತಬೇಕು ಅಂತ ಇದ್ದರೂ ಬೆರಳ ಒಂಚೂರೂ ಅಲುಗದಂಗ ಹಿಡಕೊಳ್ಳೋದರಾಗ ಇಲ್ಲಿ ಯಾರು ಶಾಣ್ಯಾರು ಅದಾರ್ರಿ?"

ಎಲ್ಲರ ಕೈಯೂ ಬೀರಲಿಂಗನ ಕಡೆ ಹೋಯಿತು. ಹತ್ತು ಹೆಜ್ಜೆ ಆಚೆ ಎಮ್ಮೆಯೊಂದರ ಹಲ್ಲು ನೋಡುತ್ತಿದ್ದ ನೀಲಕಂಠಪ್ಪನಿಗೆ ಇದು ಕೇಳಿಸಿತು. ಎಮ್ಮೆಯ ಬಾಯಿಯಿಂದ ಕೈ ತೆಗೆದು, ಆ ಕೈಯನ್ನು ಧೋತರಕ್ಕೆ ಒರೆಸಿ, ನೆಟ್ಟಗೆ ಡಾಕ್ಟರ ಎದುರು ಬಂದು ನಿಂತ.

"ಅಕ್ಕಾರ, ಅಂವನ್ನ ಒಬ್ಬನ್ನ ಯಾಕ ಬರಕೊಳ್ಳಾಕತ್ತೀರಿ? ನನ್ನೂ ಬರಕೊಳ್ರಿ."

ವಿಜ್ಞಾನದ ಮೇಲಿನ ಪ್ರೀತಿಯಿಂದ ಅವನು ಹೆಸರು ಬರೆಸಿದ್ದಲ್ಲ. ಹೊಟ್ಟೆಕಿಚ್ಚಿನಿಂದ ಬರೆಸಿದ್ದು.

ಆಸ್ಪತ್ರೆಯ ಹಿಂಭಾಗದಲ್ಲಿ, ಮುರಿದ ಮಂಚಗಳನ್ನು ಒಟ್ಟಿದ ಕೋಣೆಯ ಪಕ್ಕ, ವಿದ್ಯಾಳ ಕೋಣೆ. ಒಳಗೆ ಗೋದ್ರೇಜ್ ಕಪಾಟಿನಷ್ಟು ಎತ್ತರದ ಬೂದುಬಣ್ಣದ ಯಂತ್ರ. ಅದರಿಂದ ಹೊರಟ ಎರಡು ದಪ್ಪ ಕೇಬಲ್ಲುಗಳ ತುದಿಯಲ್ಲಿ ಎರಡೆರಡು ಚಕ್ಕುಲಿ ಅಂಟಿಸಿದಂಥ ಕಪ್ಪು ಬಳೆಗಳು. ಅವಕ್ಕೆ ಕಾಯ್ಲು ಎಂದು ಹೆಸರು.

"ತಲ್ಯಾಗ ಕಬ್ಬಿಣದ್ದು ಏನರೆ ಐತೇನ್ರಿ?" ವಿದ್ಯಾ ಪಟ್ಟಿ ನೋಡಿ ಕೇಳಿದಳು.

"ನಮ್ಮ ಮನಿಯಾಕಿ ಕಲ್ಲ ಐತಿ ಅಂತಾಳ್ರಿ. ಕಬ್ಬಿಣ ಇಲ್ಲ."

"ಫಿಟ್ಸು, ಮೂರ್ಛಿ?"

"ಎಮ್ಮಿ ದರ ಕೇಳಿ ಒಂದೆರಡು ಸಲ ಬಂದಂಗ ಆಗೈತ್ರಿ, ಬಂದಿಲ್ಲ."

ವಾಚು ತೆಗೆದಿಟ್ಟ, ಕಿವಿಯ ಬಂಗಾರದ ಒಂಟಿ ತೆಗೆದಿಟ್ಟ. ಕೊರಳಿನ ಬೆಳ್ಳಿ ಕರಡಿಗೆಯನ್ನು ಅವಳು ನೋಡಿದಾಗ ಎರಡೂ ಕೈಯಿಂದ ಮುಚ್ಚಿಕೊಂಡ. "ಲಿಂಗಾ ಬಿಡಂಗಿಲ್ರಿ. ಬೇಕಾದ್ರ ತಲಿ ಇಲ್ಲೇ ಬಿಟ್ಟು ಹೋಗತೇನಿ, ಕೆಲಸ ಮುಗದ ಮ್ಯಾಲೆ ಕಳಿಸಿಕೊಡ್ರಿ." ಎದೆಯ ಮೇಲಿದ್ದರೆ ತೊಂದರೆಯಿಲ್ಲ, ಕಾಯ್ಲಿಗೆ ಅದು ದೂರ ಎಂದು ಅವಳು ಸಮಾಧಾನ ಮಾಡಿದಳು. ಇದು ಔಷಧವಲ್ಲ, ಬರೀ ಅಧ್ಯಯನ, ಯಾವ ಹೊತ್ತಿಗೆ ಬೇಡ ಅನ್ನಿಸಿದರೂ ಎದ್ದು ಹೋಗಬಹುದು ಎಂದು ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ತೆಗೆದುಕೊಂಡಳು. ತಲೆಗೆ ಬಿಗಿಯಾದ ಟೊಪ್ಪಿಗೆ ಹಾಕಿ, ಅದರ ಮೇಲೆ ಪೆನ್ನಿನಿಂದ ಗುರುತು ಮಾಡಿ, ಬಲಗೈ ತೋರುಬೆರಳಿನ ಬುಡಕ್ಕೆ ತಂತಿ ಅಂಟಿಸಿದಳು. ಎಡಗಿವಿಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಕಾಯ್ಲು ಹಿಡಿದಳು.

ಟಕ್.

ಮಡಿಲಲ್ಲಿ ಸುಮ್ಮನೆ ಮಲಗಿದ್ದ ತೋರುಬೆರಳು ಹಾರಿತು.

ನೀಲಕಂಠಪ್ಪ ಅದನ್ನು ಬೇರೆ ಯಾರದೋ ಬೆರಳು ನೋಡುವಂತೆ ನೋಡಿದ. ಒತ್ತಬೇಕೆಂದು ಅವನು ಅಂದುಕೊಂಡಿರಲಿಲ್ಲ. ಏನನ್ನೂ ಅಂದುಕೊಂಡಿರಲಿಲ್ಲ. ಟವಲಿನೊಳಗೆ ನಲವತ್ತು ವರ್ಷ ಕೆಲಸ ಮಾಡಿದ ಬೆರಳು ಅವನನ್ನು ಒಂದು ಮಾತೂ ಕೇಳದೆ ಎದ್ದು ಕೂತಿತ್ತು.

"ಇನ್ನೊಮ್ಮಿ ಮಾಡ್ರಿ," ಅಂದ.

ಟಕ್. ಮತ್ತೆ ಹಾರಿತು.

"ಅಕ್ಕಾರ, ನಾ ಒತ್ತಿಲ್ಲ ಹೌದಲ್ರಿ?"

"ನೀವು ಒತ್ತಿಲ್ರಿ. ಕಾಯ್ಲಿನ ಅಯಸ್ಕಾಂತ ಮಿದುಳಿನ ಆ ಜಾಗಾ ತಟ್ಟತೈತಿ, ಬೆರಳ ಹಾರತೈತಿ."

"ನನ್ನ ಕೇಳದ?"

"ನಿಮ್ಮನ್ನ ಕೇಳದ."

ನೀಲಕಂಠಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು. ಹನ್ನೊಂದು ವರ್ಷ ಇಡೀ ಸಂತೆ ನಕ್ಕ ಮಾತನ್ನು ಇಲ್ಲೊಬ್ಬಳು ಡಾಕ್ಟರು ಬಿಳಿ ಕೋಟು ಹಾಕಿಕೊಂಡು, ನಗದೆ, ಒಪ್ಪುತ್ತಿದ್ದಾಳೆ. "ಹಂಗಂತ ಒಂದು ಕಾಗದಾ ಬರದ ಕೊಡ್ರಿ, ಶಿಕ್ಕಾ ಹೊಡದು. ನೀವು ಎಷ್ಟ ಸಲ ಕರದರೂ ಬರತೇನಿ. ಬೇಕಾದ್ರ ಇನ್ನೊಂದು ಕೈನೂ ತಟ್ರಿ."

ಅಧ್ಯಯನ ಮುಗಿದ ಮೇಲೆ ಕೊಡುತ್ತೇನೆಂದು ವಿದ್ಯಾ ನಕ್ಕಳು. ಆಮೇಲೆ ತನಗೆ ಬೇಕಾದದ್ದೇನೆಂದು ಬಿಡಿಸಿ ಹೇಳಿದಳು. ಬೆರಳನ್ನು ಎತ್ತುವ ಜಾಗ ಮಿದುಳಿನಲ್ಲಿ ಒಂದು ಕಡೆ. ಎತ್ತಬೇಕೋ ಬೇಡವೋ ಎಂದು ಮೊದಲೇ ತಯಾರಿ ನಡೆಸುವ ಜಾಗ ಅದಕ್ಕಿಂತ ಸ್ವಲ್ಪ ಮುಂದೆ. ಮುಂದಿನದು ಹಿಂದಿನದಕ್ಕೆ ಹೇಗೆ ಸುದ್ದಿ ಮುಟ್ಟಿಸುತ್ತದೆ, ಅವೆರಡರ ನಡುವಿನ ಸಂಬಂಧ ಯಾವಾಗ ಬಿಗಿಯಾಗುತ್ತದೆ, ಯಾವಾಗ ಸಡಿಲಾಗುತ್ತದೆ, ಇದು ಅವಳ ಪ್ರಶ್ನೆ. ಒಂದು ಕಾಯ್ಲಿನಿಂದ ಮುಂದಿನದನ್ನು ತಟ್ಟಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಇನ್ನೊಂದರಿಂದ ಹಿಂದಿನದನ್ನು ತಟ್ಟಬೇಕು. ಮನಸ್ಸಿನಲ್ಲಿ ಒತ್ತುವ ತಯಾರಿ ಇದ್ದರೆ ಬೆರಳು ಹಾರುವ ರೀತಿ ಬೇರೆ, ಇಲ್ಲದಿದ್ದರೆ ಬೇರೆ. ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ನೋಡಿದರೆ ಅವರಿಗೆ ಬೆರಳು ತಡೆಹಿಡಿಯಲು ಬರುವುದಿಲ್ಲ, ಮನಸ್ಸಿಗೆ ಬಂದ ಕೂಡಲೇ ಒತ್ತಿಬಿಡುತ್ತಾರೆ.

ನೀಲಕಂಠಪ್ಪ ತಲೆಯ ಟೊಪ್ಪಿಗೆಯನ್ನು ಮುಟ್ಟಿ ನೋಡಿಕೊಂಡ. "ಅಂದ್ರ ತಲಿಯೊಳಗೂ ದಲಾಲರು ಅದಾರ ಅನ್ರಿ."

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆದರೆ ಬರೀ ಕಾಗದ ಸಾಲದು ಅನ್ನಿಸಿತು ನೀಲಕಂಠಪ್ಪನಿಗೆ. ಆ ಬೀರಲಿಂಗ ತನ್ನ ಅಂಗೈಯಾರೆ ಈ ಹಾರುವಿಕೆಯನ್ನು ಅನುಭವಿಸಬೇಕು. ನಾಲ್ಕನೆಯ ಸಲ ಹೋದಾಗ ಮೆಲ್ಲಗೆ ವಿಷಯ ತೆಗೆದ. ನಮ್ಮ ಬೆರಳಿಗೆ ಮಡಿಲಿನಲ್ಲಿ ಮಲಗಿ ರೂಢಿಯಿಲ್ಲ, ಎದುರಿಗೊಂದು ಅಂಗೈ ಇದ್ದರೇ ಅದು ಖರೇ ಕೆಲಸ ಮಾಡುತ್ತದೆ ಎಂದ. ವಿದ್ಯಾಳಿಗೆ ಇದು ಸರಿ ಅನ್ನಿಸಿತು. ಹೇಗೂ ಬೀರಲಿಂಗನ ಹೆಸರು ಪಟ್ಟಿಯಲ್ಲಿತ್ತು. ಮುಂದಿನ ಗುರುವಾರ ಮಧ್ಯಾಹ್ನ ಇಬ್ಬರನ್ನೂ ಕರೆಸಿದಳು.

ಕೋಣೆಯ ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಬೀರಲಿಂಗ, ಇನ್ನೊಂದು ತುದಿಯಲ್ಲಿ ನೀಲಕಂಠಪ್ಪ. ನಡುವೆ ಒಂದು ಜೋಡಿ ಎತ್ತು ಕಟ್ಟುವಷ್ಟು ಜಾಗ. ಬೀರಲಿಂಗ ತಂಬಾಕು ತಿಕ್ಕುತ್ತ ಗೋಡೆಯ ಮೇಲಿನ ಕುಟುಂಬ ಯೋಜನೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವನಿಗೆ ಏಳು ಮಕ್ಕಳು.

ಒಳಗೆ ಹೋದ ಮೇಲೆ ಅವನು ಹೆಗಲಿನಿಂದ ತನ್ನ ಟವಲು ತೆಗೆದ. ಅದರಿಂದ ತಂತಿ ಕಾಣುವುದಿಲ್ಲ, ಟವಲು ಬೇಡ ಎಂದಳು ವಿದ್ಯಾ.

"ಟವಲ ಇಲ್ದ ಕೈ ಹಿಡಿಯಾಕ ಅಂವೇನ ನನ್ನ ಹೇಣ್ತಿ ಏನ್ರೀ?" ಎಂದ ಬೀರಲಿಂಗ, ನೀಲಕಂಠಪ್ಪನ ಕಡೆ ನೋಡದೆ.

ಟವಲು ಉಳಿಯಿತು. ಹನ್ನೊಂದು ವರ್ಷಗಳ ನಂತರ ಆ ಅಂಗೈ ನೀಲಕಂಠಪ್ಪನ ಬೆರಳಿಗೆ ತಾಗಿತು. ಒಣಗಿದ, ಬಿಸಿಯಾದ ಅಂಗೈ.

ಟಕ್.

"ಹಾರಿತು," ಎಂದ ಬೀರಲಿಂಗ.

"ಕೇಳಿದ್ರ್ಯಾ ಅಕ್ಕಾರ?" ನೀಲಕಂಠಪ್ಪ ಕುರ್ಚಿಯಿಂದ ಎದ್ದೇಬಿಟ್ಟ, ತಲೆಯ ಟೊಪ್ಪಿಗೆ ಜಾರಿತು. "ಹಾರಿತಂತ! ಅವನ ಬಾಯಾಗ ಬಂತು! ಬರಕೊಳ್ರಿ!"

ವಿದ್ಯಾ ಅವನನ್ನು ಹಿಡಿದು ಕೂರಿಸಿ ಟೊಪ್ಪಿಗೆ ಸರಿಮಾಡಿದಳು. ಈಗ ನಿಜವಾದ ಕೆಲಸ. ಅವಳ ಬಳಿ ಎರಡು ಬಣ್ಣದ ಚೀಟಿಗಳು. ಕೆಂಪು ತೋರಿಸಿದರೆ ನೀಲಕಂಠಪ್ಪ ಒತ್ತುವ ಮನಸ್ಸು ಮಾಡಬೇಕು, ಆದರೆ ಒತ್ತದೆ ತಡೆದಿರಬೇಕು. ಬಿಳಿ ತೋರಿಸಿದರೆ ಒತ್ತುವ ವಿಚಾರವನ್ನೇ ಬಿಡಬೇಕು. ಎರಡರಲ್ಲೂ ಸ್ಟ್ಯಾಂಡಿಗೆ ಬಿಗಿದ ಎರಡು ಕಾಯ್ಲುಗಳು ತಟ್ಟುತ್ತವೆ, ಬೆರಳು ಹಾರುತ್ತದೆ. ಬೀರಲಿಂಗನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು, ಅವನಿಗೆ ಚೀಟಿಯೂ ಕಾಣದು, ಪರದೆಯೂ ಕಾಣದು.

ಟಕ್-ಟಕ್.

"ಇದು ಬರೇ ಹಾರಿದ್ದು," ಎಂದ ಬೀರಲಿಂಗ, ಯಾರೂ ಕೇಳದಿದ್ದರೂ.

ಚೀಟಿ ಬಿಳಿಯದಾಗಿತ್ತು. ಮುಂದಿನದು ಕೆಂಪು.

ಟಕ್-ಟಕ್.

"ಇದರಾಗ ಮನಸ ಐತಿ."

ವಿದ್ಯಾಳ ಪೆನ್ನು ನಿಂತಿತು. ಹಾಗೆಯೇ ಹೇಳುತ್ತ ಹೋಗಿ ಎಂದಳು. ಅವಳು ಚೀಟಿಗಳನ್ನು ಕಲಸಿ ಕಲಸಿ ಇಪ್ಪತ್ತು ಸಲ ತೋರಿಸಿದಳು. ಬರೇ ಹಾರಿದ್ದು. ಮನಸ ಐತಿ. ಮನಸ ಐತಿ. ಬರೇ ಹಾರಿದ್ದು. ಬೀರಲಿಂಗ ತಂಬಾಕು ತುಂಬಿದ ಬಾಯಿಂದ, ಹೋರಿಗೆ ಎಷ್ಟು ಹಲ್ಲು ಎಂದು ಹೇಳುವ ದನಿಯಲ್ಲಿ, ಇಪ್ಪತ್ತಕ್ಕೆ ಹದಿನೆಂಟು ಸರಿ ಹೇಳಿದ.

"ಕಾಕಾ, ನಾ ನೂರು ಸಲ ತಟ್ಟಿ ಸರಾಸರಿ ತಗದ್ರ ಯಂತ್ರಕ್ಕ ತಿಳಿಯೋದು, ನಿಮ್ಮ ಅಂಗೈಗೆ ಒಂದ ಸಲಕ್ಕ ಹೆಂಗ ತಿಳೀತ್ರಿ?"

"ಬಾಯಿ ಸುಳ್ಳ ಹೇಳತೈತ್ರಿ ಅಕ್ಕಾರ, ಮಾರಿನೂ ಹೇಳತೈತಿ. ಬೆರಳಿನ್ಯಾಗ ಮನಸ ಇದ್ದದ್ದು, ಇಲ್ಲದ್ದು, ಅದು ಅಂಗೈಗೆ ತಿಳೀತೈತಿ. ಅದರಾಗ ಡಾಕ್ಟರಕಿ ಏನಿಲ್ಲ."

ಹನ್ನೊಂದು ವರ್ಷದ ಹಿಂದಿನ ಆ ದಿನದ ಬಗ್ಗೆ ಒಂದು ಅಕ್ಷರ ಆಡಲಿಲ್ಲ. ಟವಲಿನೊಳಗಿನದು ಟವಲಿನೊಳಗೆ.

ಆದರೆ ನೀಲಕಂಠಪ್ಪನ ಹಿಗ್ಗು ಇಳಿಯತೊಡಗಿತ್ತು. ಬೆರಳು ಹಾರಿತು ಎಂದು ಅವನು ಎಷ್ಟು ಸಲ, ಎಷ್ಟು ಜನರ ಎದುರು ಹೇಳಿದ್ದನೆಂದರೆ ಈಚೆಗೆ ತನಗೇ ಅದು ಅರ್ಧ ಖರೆ ಅನ್ನಿಸುತ್ತಿತ್ತು. ನರ ಹಿಡಿದದ್ದೂ ನೆನಪಿಗೆ ಬರುತ್ತಿತ್ತು, ಯಾವ ನರ ಎಂಬುದು ಸಹ. ಈ ಮನುಷ್ಯನಿಗೆ ಮಾತ್ರ ಒಂದು ದಿನವೂ ಅನುಮಾನ ಇರಲಿಲ್ಲ. ಅವನ ಅಂಗೈಯಲ್ಲಿ ಆ ಒತ್ತು ಹನ್ನೊಂದು ವರ್ಷ ಹಾಗೆಯೇ ಕೂತಿತ್ತು, ಮತ್ತು ಅವನು ಬಾಯಿ ಬಿಟ್ಟಿರಲಿಲ್ಲ. ಸಂತೆ ನಕ್ಕದ್ದು ನೀಲಕಂಠಪ್ಪನ ಮಾತಿಗೆ. ಬೀರಲಿಂಗ ಯಾರಿಗೂ ಚಾಡಿ ಹೇಳಿರಲೇ ಇಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ಯಂತ್ರ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು, ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ವಿದ್ಯಾ ಕಾಯ್ಲುಗಳನ್ನು ಕೊಕ್ಕೆಗೆ ತೂಗುಹಾಕಿ, ಅಲುಗಬೇಡಿ ಎಂದು ಇಬ್ಬರಿಗೂ ಹೇಳಿ, ಜನರೇಟರು ಹಾಕುವವನನ್ನು ಹುಡುಕುತ್ತ ಓಡಿದಳು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬರುತ್ತಿತ್ತು. ಟವಲಿನ ಕೆಳಗೆ ಇಬ್ಬರ ಕೈಗಳೂ ಹಾಗೆಯೇ ಇದ್ದವು. ಬೀರಲಿಂಗ ಗೋಡೆ ನೋಡುತ್ತಿದ್ದ.

ನೀಲಕಂಠಪ್ಪ ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಅವನ ಬೆರಳುಗಳು ಬೀರಲಿಂಗನ ಬೆರಳುಗಳನ್ನು ಒಂದೊಂದಾಗಿ ಹಿಡಿದವು. ಇಷ್ಟು ಬೆರಳು, ಮೇಲೊಂದು ಗೆಣ್ಣು. ತೊಂಬತ್ಮೂರರ ಅದೇ ದರ, ಒಂದು ಗೆಣ್ಣು ಹೆಚ್ಚಿಲ್ಲ, ಒಂದು ಗೆಣ್ಣು ಕಡಿಮೆಯಿಲ್ಲ. ಕೊನೆಗೆ ತೋರುಬೆರಳಿನಿಂದ ಅಂಗೈಯನ್ನು ಒತ್ತಿದ.

ಬೀರಲಿಂಗ ಮುಷ್ಟಿ ಹಿಡಿಯಲಿಲ್ಲ. ಅಂಗೈ ತೆರೆದೇ ಇತ್ತು. ಗೋಡೆಗೆ ಹೇಳುವಂತೆ, "ಕರೆಂಟ ಇಲ್ಲ," ಎಂದ.

"ಹೌದು," ಎಂದ ನೀಲಕಂಠಪ್ಪ. "ಇಲ್ಲ."

ವಿದ್ಯಾ ಮರಳಿ ಬಂದಾಗ ಇಬ್ಬರೂ ಬೇರೆ ಬೇರೆ ಕುರ್ಚಿಯಲ್ಲಿ ಕೂತಿದ್ದರು. ಬೀರಲಿಂಗ ಟವಲು ಮಡಚುತ್ತಿದ್ದ.

ಅಧ್ಯಯನ ಮುಗಿದು ಕಾಗದ ಕೈಗೆ ಬಂತು. ಆಸ್ಪತ್ರೆಯ ದುಂಡು ಶಿಕ್ಕಾ, ಕೆಳಗೆ ಡಾಕ್ಟರ ಸಹಿ. "ಪ್ರಯೋಗದಲ್ಲಿ ಭಾಗವಹಿಸಿದ ಶ್ರೀ ನೀಲಕಂಠಪ್ಪ ಇವರ ಬಲಗೈ ತೋರುಬೆರಳು ಇವರ ಇಚ್ಛೆಯಿಲ್ಲದೆ ಚಲಿಸಿದ್ದು ಕಂಡುಬಂದಿದೆ." ಅಯಸ್ಕಾಂತದ ಮಾತು ಮೇಲಿನ ಸಾಲಿನಲ್ಲಿ, ಯಾರಿಗೂ ಅರ್ಥವಾಗದಷ್ಟು ಶುದ್ಧ ಕನ್ನಡದಲ್ಲಿತ್ತು.

ಶಿವಬಸವ್ವ ತವರಿಗೆ ಬಂದಿದ್ದ ಮಗಳ ಕೈಲಿ ಅದನ್ನು ಓದಿಸಿ ಕೇಳಿದಳು. "ಕಾಗದಾ ಛಲೋ ಐತಿ. ಅವತ್ತ ಒತ್ತಿದ್ರ್ಯೋ ಇಲ್ಲೋ, ಅದನ್ನ ಒಂದ ಬರದಿಲ್ಲ ನೋಡ್ರಿ."

"ಟವಲಿನ್ಯಾಗಿಂದು ಹೇಣ್ತಿಗೆ ಹೇಳಂಗಿಲ್ಲ," ಎಂದು ನೀಲಕಂಠಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋದ. ಹೋಗಲು ಎಲ್ಲಿಯೂ ಕೆಲಸವಿರಲಿಲ್ಲ, ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಂತು ಬಂದ.

ಮುಂದಿನ ಸಂತೆಗೆ ಅದೇ ಎಮ್ಮೆಯನ್ನು ಹೊಡೆದುಕೊಂಡು ಹೋದ. ಹಲ್ಲು ಸವೆದ, ಹಾಲು ಬತ್ತಿದ, ಸ್ವಭಾವವೂ ಅಷ್ಟೇನು ಸರಿಯಿಲ್ಲದ ಎಮ್ಮೆ. ಕಾಗದ ಜೇಬಿನಲ್ಲಿತ್ತು. ಅದನ್ನು ಹೊರಗೆ ತೆಗೆಯಬೇಕೋ ಬೇಡವೋ ಎಂದು ಅವನಿನ್ನೂ ತೀರ್ಮಾನ ಮಾಡಿರಲಿಲ್ಲ. ಆದರೆ ಹದಿನೈದು ದಿನದಿಂದ ಕಂಡಕಂಡವರಿಗೆಲ್ಲ ಕಾಗದ ಬರುತ್ತದೆ ಎಂದು ಡಂಗುರ ಹೊಡೆದವನೂ ಅವನೇ. ಮುರುಗೆಪ್ಪ ಚಹಾ ಸೋಸುವುದನ್ನು ಬಿಟ್ಟು ಅವನ ಜೇಬಿಗೇ ಕೈ ಹಾಕಿ ಎಳೆದುಕೊಂಡ. ಬೆಂಚಿನ ಮೇಲೆ ನಿಂತು, ದಿನಾ ಪೇಪರು ಓದಿ ಹೇಳುವ ದನಿಯಲ್ಲಿ ಓದಿದ. ಅರ್ಥವಾಗದ ಸಾಲನ್ನು ಹಾರಿಸಿದ. ಶಿಕ್ಕಾವನ್ನು ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದ.

ಸಂತೆಗೆ ಶಿಕ್ಕಾದ ಮೇಲೆ ಭಾರಿ ಗೌರವ. "ಎಲಾ ಇವನ," ಎಂದ ಒಬ್ಬ. "ಪಾಪ, ಖರೇನ ಹಾರಿತ್ತು. ಹನ್ನೊಂದು ವರ್ಷ ಸುಮ್ಮಸುಮ್ಮನ ಅಂದ್ವಿ ನೋಡ್ರಿ." ಇನ್ನೊಬ್ಬ ಬಂದು ನೀಲಕಂಠಪ್ಪನ ಬೆರಳನ್ನು ಮುಟ್ಟಿ ನಮಸ್ಕಾರ ಮಾಡಿದ. ಚಹಾ ಬಂತು, ಸಕ್ಕರೆ ಜಾಸ್ತಿ ಹಾಕಿದ ಚಹಾ. ಇಷ್ಟು ವರ್ಷ ಅವನು ಮಲಗಿದಾಗಲೆಲ್ಲ ಕಲ್ಪಿಸಿಕೊಂಡದ್ದು ಇದನ್ನೇ.

ಆಗ ಗುಂಪಿನಲ್ಲಿದ್ದವನೊಬ್ಬ ಹುಣಸೆಮರದ ಕಡೆ ತಿರುಗಿದ. ಅಲ್ಲಿ ಬೀರಲಿಂಗ ಒಂದು ಹೋರಿಯ ಪಕ್ಕ ನಿಂತಿದ್ದ. "ಏನಪಾ ಬೀರಲಿಂಗಾ, ಹಾರಿದ ಬೆರಳ ಹಿಡಕೊಂಡು ಬೀಗರ ಮುಂದ ಅಷ್ಟು ನಾಟಕ ಮಾಡಿದ್ಯಲ್ಲೋ! ಒಬ್ಬನ ಹೆಸರು ಕೆಡಿಸಿಬಿಟ್ಟಿ."

"ಅಂವ ಹಂಗ," ಎಂದ ಮತ್ತೊಬ್ಬ. "ಮೊದಲಿಂದ ಅಂವನ ಕೈ ನನಗ ನಂಬಿಗಿ ಇಲ್ಲ." ಡಾಕ್ಟರು ಸಂತೆಗೆ ಬಂದ ದಿನ ಬೀರಲಿಂಗನ ಕೈಯನ್ನು ಹೊಗಳಿ ತೋರಿಸಿಕೊಟ್ಟವನೂ ಇವನೇ.

ಬೀರಲಿಂಗ ತಂಬಾಕಿನ ಡಬ್ಬಿ ತೆಗೆದು ಸುಣ್ಣ ಹಚ್ಚುತ್ತಿದ್ದ. ಒಂದು ಮಾತು ಸಾಕಿತ್ತು. ಕರೆಂಟು ಹೋದ ಮೇಲೂ ಒತ್ತಿದನಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ, ಅನ್ನುವವನೂ ಅಲ್ಲ. ಅದು ನೀಲಕಂಠಪ್ಪನಿಗೆ ಗೊತ್ತಿತ್ತು. ಇನ್ನು ಹನ್ನೊಂದು ವರ್ಷ ಅವನು ಹೀಗೆಯೇ ಸುಣ್ಣ ಹಚ್ಚುತ್ತ ನಿಲ್ಲುತ್ತಾನೆ, ಅಷ್ಟು ವರ್ಷ ಬದುಕಿದ್ದರೆ.

ನೀಲಕಂಠಪ್ಪನಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ಕಿವಿಯವರೆಗೂ ಸುಡುವಂಥದ್ದು. ಚಹಾದ ಬಸಿ ಕೆಳಗಿಟ್ಟ.

"ಏ ಮುರುಗೆಪ್ಪಾ, ಕೆಳಗ ಇಳಿಯೋ. ಆ ಕಾಗದಾ ತಾ ಇಲ್ಲೆ."

"ಇನ್ನೊಮ್ಮಿ ಓದತೇನಿ ತಡೀರಿ, ಅತ್ತಲಾಗಿನ ಮಂದಿ ಕೇಳಿಲ್ಲ."

"ತಾ ಅಂದ್ನಿ!" ಕಿತ್ತುಕೊಂಡ. "ಎಲ್ಲಾರೂ ಕೇಳ್ರಿ. ಡಾಕ್ಟರಬಾಯಿ ಬರದದ್ದು ಖರೇ ಐತಿ. ಅಲ್ಲೆ ಯಂತ್ರ ಇತ್ತು, ಬೆರಳ ಹಾರಿತು. ತೊಂಬತ್ಮೂರರಾಗ ಈ ಸಂತ್ಯಾಗ ಯಾವ ಯಂತ್ರಾನೂ ಇರಲಿಲ್ಲ. ಅವತ್ತ ಹಾರಿಲ್ಲ. ಅವತ್ತ ನಾ ಒತ್ತಿದ್ನಿ, ಮನಸಿನಿಂದ ಒತ್ತಿದ್ನಿ. ಅಂವ ಮುಷ್ಟಿ ಹಿಡದಿದ್ದ. ರೊಕ್ಕದ ಆಸೇಕ ಕಿತಗೊಂಡ್ನಿ. ಸುಳ್ಳ ಅಂವಂದಲ್ಲ, ನಂದು."

ಸಂತೆ ತೆಪ್ಪಗಾಯಿತು. ಆ ಮೌನದಲ್ಲಿ ಅವನ ಎಮ್ಮೆ ಹಿಂದಿನ ಕಾಲು ಅಗಲಿಸಿ, ಯಾವ ಅವಸರವೂ ಇಲ್ಲದೆ ಬಹಳ ಹೊತ್ತು ಉಚ್ಚೆ ಹೊಯ್ದಿತು. ಅದು ಮುಗಿಯುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ಹನ್ನೊಂದು ವರ್ಷದ ಹಿಂದಿನ ನಗುವೇ ತಿರುಗಿ ಬಂದಂತೆ ಇಡೀ ಗುಂಪು ನಕ್ಕಿತು. "ಹಾರೂಬೆರಳ!" ಎಂದು ಕೂಗಿದರು. ಸಂತೆ ಅಷ್ಟು ಸಲೀಸಾಗಿ ಒಂದು ಒಳ್ಳೆಯ ಅಡ್ಡಹೆಸರನ್ನು ಬಿಟ್ಟುಕೊಡುವುದಿಲ್ಲ. ಮುರುಗೆಪ್ಪ ಬಿಟ್ಟಿ ಎಂದಿದ್ದ ಚಹಾಕ್ಕೆ ದುಡ್ಡು ಕೇಳಿದ.

ನೀಲಕಂಠಪ್ಪ ಎಮ್ಮೆಯ ಹಗ್ಗ ಹಿಡಿದು ನಿಂತ. ಯಾರೂ ಅದರ ಕಡೆ ಬರಲಿಲ್ಲ. ಮನೆಗೆ ಹೊರಡುವುದೇ ಸರಿ ಎಂದುಕೊಳ್ಳುವಷ್ಟರಲ್ಲಿ ಎಮ್ಮೆಯ ಬಾಲವನ್ನು ಯಾರೋ ಎಳೆದರು.

ಬೀರಲಿಂಗ. ಬಾಲ ಎಳೆದ, ಕೆಚ್ಚಲು ಹಿಸುಕಿದ, ತುಟಿ ಎತ್ತಿ ಹಲ್ಲು ನೋಡಿದ, ನೋಡಿ ಪಕ್ಕಕ್ಕೆ ಉಗುಳಿದ. ಆಮೇಲೆ ಎದುರು ಬಂದು ನಿಂತು ಹೆಗಲಿನ ಟವಲು ತೆಗೆದು ಕೈಯ ಮೇಲೆ ಹಾಕಿದ.

ನೀಲಕಂಠಪ್ಪ ಕೈ ಒಳಗೆ ಇಟ್ಟ. ದರ ಬರುವುದೆಂದು ಕಾದ. ದರ ಬರಲಿಲ್ಲ. ಬೀರಲಿಂಗ ಅವನ ತೋರುಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ, ನೋವಾಗುವಷ್ಟು ಬಿಗಿಯಾಗಿ, ಒಂದು ಉಸಿರು ಬಿಡುವಷ್ಟು ಹೊತ್ತು. ಈ ಸಲ ನೀಲಕಂಠಪ್ಪ ಎಳೆದುಕೊಳ್ಳಲಿಲ್ಲ. ಎತ್ತುಗಳು ಯಾವತ್ತೋ ಸತ್ತುಹೋಗಿದ್ದವು, ಆ ಬೀಗರಲ್ಲಿ ಹಿರಿಯನೂ ಸತ್ತಿದ್ದ. ತೊಂಬತ್ಮೂರರ ವ್ಯವಹಾರ ಈಗ ಮುಗಿಯಿತು.

ಬೀರಲಿಂಗ ಮುಷ್ಟಿ ಸಡಿಲಿಸಿ ಬೆರಳುಗಳಿಂದಲೇ ಎಮ್ಮೆಗೆ ದರ ಹೇಳಿದ. ಅಷ್ಟು ಕಡಿಮೆ ದರವನ್ನು ನೀಲಕಂಠಪ್ಪನಿಗೆ ಅವನ ಆಯುಷ್ಯದಲ್ಲಿ ಯಾರೂ ಹೇಳಿರಲಿಲ್ಲ. ಬರೀ ಹಗ್ಗಕ್ಕೂ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಅವನ ಕಣ್ಣು ತುಂಬಿ ಬಂತು.

"ಮಳಿ ಹೆಂಗಪಾ ನಿಮ್ಮ ಕಡೆ, ಈ ವರ್ಷ?" ಬೀರಲಿಂಗ ಎಲ್ಲರಿಗೂ ಕೇಳುವಂತೆ, ಮುಖದಲ್ಲಿ ಏನೂ ತೋರದೆ ಕೇಳಿದ.

"ಏನ ಮಳಿಯಪಾ," ಎಂದು ನೀಲಕಂಠಪ್ಪ ಮೂಗು ಒರೆಸಿಕೊಂಡ. ಒಳಗೆ ಅವನ ಬೆರಳುಗಳು ಆಗಲೇ ಅದರ ನಾಲ್ಕು ಪಟ್ಟು ಕೇಳುತ್ತಿದ್ದವು.